ಹಳಿಯಾಳ ರೋಡಿಗೂ ಕಾಡಿನ ದಾರಿಗೂ

ದುಂಡೇಶನ ಸೈಕಲ್ ಅಂಗಡಿಗೆ ಸ್ವಪ್ನಾ ಬಂದದ್ದು ಟೈರ್ ಹಾಕಿಸಲು. ಅವ್ವನಿಗೆ ಹಾಗೆಂದೇ ಹೇಳಿ ಬಂದಿದ್ದಳು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಸೋಮವಾರದಿಂದ ಅವಳಿಗೆ ಹಳಿಯಾಳದ ದವಾಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಅಲ್ಲೇ ರೂಮು ಹಿಡಿದಾಗಿತ್ತು; ಸುದ್ದಿ ದುಂಡೇಶನಿಗೂ ಗೊತ್ತಿತ್ತು. ದಾಂಡೇಲಿ ಬಿಡುವುದಕ್ಕೆ ಅವಳಿಗೆ ಅಂಥ ದುಃಖವಿರಲಿಲ್ಲ. ಆದರೆ ರವಿವಾರಗಳನ್ನು ಬಿಡುವುದು ಹೇಗೆ? ವರ್ಷದಿಂದ ಪ್ರತಿ ರವಿವಾರ ಬೆಳಿಗ್ಗೆ ಅವಳೂ ದುಂಡೇಶನೂ ಸೈಕಲ್ ಏರಿ ಕಾಡಂಚಿನ ಕೆಮ್ಮಣ್ಣಿನ ದಾರಿ ಹಿಡಿಯುತ್ತಿದ್ದರು. ಏರಿನಲ್ಲಿ ಅವನು ಬೇಕೆಂದೇ ಹಿಂದುಳಿಯುತ್ತಿದ್ದ. ಅವಳು ತಿರುಗಿ ನೋಡಿದರೆ ಸಾಕು, ಚೈನ್ ಪರೀಕ್ಷಿಸುವ ನಾಟಕ. ಇಷ್ಟೆಲ್ಲ ಆದರೂ ಆ ಪುಣ್ಯಾತ್ಮನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

"ಡಾಂಬರ್ ರೋಡಿಗೂ ಕಾಡಿನ ದಾರಿಗೂ ಎರಡಕ್ಕೂ ನಡಿಯೂವಂಥ ಟೈರ್ ಯಾವುದೈತ್ರಿ?" ಎಂದು ಕೇಳಿದಳು.

ಎರಡಕ್ಕೂ ಯಾಕೆ ಎಂದು ಅವನು ಕೇಳಬೇಕು, ಪ್ರತಿ ರವಿವಾರ ಸೈಕಲ್ ತುಳಿದುಕೊಂಡೇ ಬರುತ್ತೇನೆ ಎಂದು ತಾನು ಹೇಳಬೇಕು. ದಾರಿಯುದ್ದಕ್ಕೂ ಇದನ್ನೇ ಅಂದುಕೊಂಡು ಬಂದಿದ್ದಳು.

ದುಂಡೇಶ ತಲೆ ಎತ್ತಲಿಲ್ಲ. "ಎರಡಕ್ಕೂ ಅಂದ್ರ ಯಾವುದಕ್ಕೂ ಪೂರಾ ಆಗೂದಿಲ್ರಿ. ಗ್ರಿಪ್ ಜಾಸ್ತಿ ಇದ್ರ ರೋಡಿನ್ಯಾಗ ಎಳೀತೈತಿ, ಕಾಲು ಸೋಲ್ತಾವು. ಸಪಾಟ ಟೈರ್ ಹಾಕಿಸ್ಕೋರಿ, ಹಗೂರ ಓಡ್ತೈತಿ."

"ಮತ್ತ ಕಾಡಿನ ದಾರ್ಯಾಗ?"

"ಅಲ್ಲಿ ಜಾರತೈತಿ. ಆದ್ರ ನೀವು ಇನ್ನ ಕಾಡಿಗೆ ಯಾಕ ಹೋಗ್ತೀರಿ?"

ಸ್ವಪ್ನಾ ಸೈಕಲ್ಲಿನ ಹ್ಯಾಂಡಲ್ ಬಿಟ್ಟಳು. ಬರಬೇಡ ಎಂದು ಇನ್ನೂ ಹೇಗೆ ಹೇಳಬೇಕು ಅವನು?

"ಹಾಕ್ರಿ ಹಂಗಾರ," ಎಂದು ಸ್ಟೂಲಿನ ಮೇಲೆ ಕೂತಳು. ಅವನ ಮುಖ ನೋಡಿದರೆ ಅಳು ಬಂದೀತೆಂದು ಗಾಲಿಯನ್ನೇ ನೋಡುತ್ತಿದ್ದಳು.

ಟೈರಿನ ಪಕ್ಕದಲ್ಲಿ ಅದು ಉರುಳಬೇಕಾದ ದಿಕ್ಕಿಗೆ ಒಂದು ಬಾಣದ ಗುರುತಿರುತ್ತದೆ. ಅದನ್ನು ಅವಳಿಗೆ ತೋರಿಸಿಕೊಟ್ಟವನು ದುಂಡೇಶನೇ. ಈಗ ಅವನು ಕೂರಿಸಿ ಗಾಳಿ ತುಂಬಿದ ಟೈರಿನಲ್ಲಿ ಬಾಣ ಹಿಂದಕ್ಕೆ ಮುಖ ಮಾಡಿತ್ತು.

"ಉಲ್ಟಾ ಆಗೇತ್ರಿ."

ಅವನು ನಾಲಿಗೆ ಕಚ್ಚಿಕೊಂಡು ಬಿಚ್ಚಿದ. ಮತ್ತೆ ಕೂರಿಸಿದ. ಮತ್ತೆ ಉಲ್ಟಾ.

"ಊರಿಗೆಲ್ಲ ಪಾಠ ಹೇಳೂ ಮನಷ್ಯಾ, ಏನಾಗೇತಿ ನಿಮಗ?"

ದುಂಡೇಶ ಪಾನಾ ಕೆಳಗಿಟ್ಟ. "ನಿಮ್ಮನ್ನ ಕಳಸಾಕ ಟೈರ್ ಹಾಕಾಕತ್ತೇನಿ. ಕೈ ಒಲ್ಲೆ ಅನ್ನಾಕತ್ತಾವು."

ಸ್ವಪ್ನಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಕಳಸಾಕ ಅಲ್ಲೋ ಮಾರಾಯಾ, ಬರಾಕ! ರವಿವಾರ ಹಳಿಯಾಳದಿಂದ ರೋಡ್ ಹಿಡದು ಬಂದು, ನಿನ್ನ ಕೂಡ ಕಾಡಿಗೆ ಹೋಗಬೇಕಂತ ಎರಡಕ್ಕೂ ನಡಿಯೂ ಟೈರ್ ಕೇಳಿದ್ನಿ."

"ಆ ಕಾಡಿನ ದಾರಿ ಸಲವಾಗಿ ಅಷ್ಟ ದೂರ ಬರ್ತೀರಿ?"

"ಕಾಡು ಹಳಿಯಾಳದಾಗೂ ಐತಿ."

ಅವಳು ನೇರವಾಗಿ ನೋಡಿದಳು. ಈ ಸಲ ಪರೀಕ್ಷಿಸಲು ಅವನಿಗೆ ಯಾವ ಚೈನೂ ಸಿಗಲಿಲ್ಲ. ಕಿವಿಯವರೆಗೂ ಕೆಂಪಾದ.

"ಛಲೋ ಕೆಲಸ ಸಿಕ್ಕೇತಿ, ಅಡ್ಡ ಬರಬಾರದಂತ ಬಾಯಿ ಮುಚ್ಕೊಂಡಿದ್ನಿ. ನಿನ್ನ ಬಿಟ್ಟು ಇರಾಕ ನನಗ ಆಗೂದಿಲ್ಲ, ಸ್ವಪ್ನಾ."

ಅಬ್ಬಾ! ವರ್ಷದಿಂದ ಹೊತ್ತಿದ್ದ ಭಾರ ಇಳಿಸಿದ ಹಾಗೆ ಅವಳು ಉದ್ದಕ್ಕೆ ಉಸಿರು ಬಿಟ್ಟಳು.

ಅವನು ಸಪಾಟ ಟೈರನ್ನು ಕಿತ್ತೊಗೆದು ಅಟ್ಟದಿಂದ ಬೇರೆ ಜೋಡಿ ಇಳಿಸಿದ. "ನಡುವ ಸಣ್ಣ ಗ್ರಿಪ್ ಒತ್ತೊತ್ತಾಗಿ ಐತಿ ನೋಡು, ರೋಡಿನ್ಯಾಗ ಎಳಿಯೂದಿಲ್ಲ. ಅಂಚಿಗೆ ದಪ್ಪ ಗ್ರಿಪ್, ತಿರುವಿನ್ಯಾಗ ಮಣ್ಣು ಹಿಡೀತೈತಿ."

"ಆಗಳೇ ಯಾವುದಕ್ಕೂ ಆಗೂದಿಲ್ಲಂದಿ?"

"ಆಗ ಸಿಟ್ಟಿತ್ತು."

"ಯಾರ ಮ್ಯಾಲ?"

"ಹಳಿಯಾಳದ ಮ್ಯಾಲ."

ಅವಳ ಸೈಕಲ್ ಸಿದ್ಧವಾಯಿತು. ದುಂಡೇಶ ಅಂಥದೇ ಇನ್ನೊಂದು ಜೋಡಿ ಇಳಿಸಿ, ಒಳಗಿದ್ದ ತನ್ನ ಸೈಕಲ್ ತಂದು ತಲೆಕೆಳಗಾಗಿ ನಿಲ್ಲಿಸಿದ.

"ಇದಕ್ಕ ಬರೇ ಕಾಡಿನ ಟೈರ್ ಅದಾವು. ಒಂದ ರವಿವಾರ ನೀ ಬಾ, ಇನ್ನೊಂದ ರವಿವಾರ ನಾ ಬರ್ತೇನಿ."

"ರೂಮಿನ ಮಾಲಕಿ ಭಾಳ ಜೋರ ಅದಾಳ. ಯಾರಿವಾ ಅಂತ ಕೇಳಿದ್ರ ಏನ ಹೇಳ್ಲಿ?"

"ನಿಮ್ಮ ಅವ್ವಗ ಏನ ಹೇಳ್ತಿ, ಅದನ್ನ ಹೇಳು."

"ಅವ್ವಗ ಏನ ಹೇಳ್ಲಿ?"

ದುಂಡೇಶ ಬಿಚ್ಚುತ್ತಿದ್ದ ಗಾಲಿಯನ್ನು ಅಲ್ಲೇ ಬಿಟ್ಟ. ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು, ಗಿರಾಕಿ ಬರುವ ಹೊತ್ತಿನಲ್ಲೇ ಅಂಗಡಿಯ ಶಟರ್ ಎಳೆದ.

"ನಡಿ, ನಾನ ಬಂದು ಹೇಳ್ತೇನಿ."