ಮತ್ತೆ ಉಜ್ಜಿ

ಭದ್ರಾವತಿಯ ಆ ಎರಕದ ಕಾರ್ಖಾನೆಯ ಲ್ಯಾಬಿನಲ್ಲಿ ವಾಣಿಗೂ ಮಲ್ಲಿಕ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಲೋಹಪರೀಕ್ಷಕರ ಸರ್ಟಿಫಿಕೇಟ್ ಪರೀಕ್ಷೆ ಹತ್ತಿರ ಬಂದ ಮೇಲಂತೂ ಕೇಳುವುದೇ ಬೇಡ. ಲ್ಯಾಬ್ ಇನ್‌ಚಾರ್ಜ್ ಕುರ್ಚಿ ಒಂದೇ. ಹೆಚ್ಚು ಅಂಕ ಬಂದವರಿಗೆ ಅದು.

ಕಬ್ಬಿಣದ ತುಂಡನ್ನು ಎಮರಿ ಕಾಗದದ ಮೇಲೆ ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಿ, ಸುಟ್ಟು ಕಪ್ಪಾಗದಂತೆ ಆಸಿಡ್‌ನಲ್ಲಿ ಒಂದೇ ಗಳಿಗೆ ಅದ್ದಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಒಬ್ಬರ ಸ್ಯಾಂಪಲ್ಲಿಗೆ ಇನ್ನೊಬ್ಬರು ಸಹಿ ಹಾಕುವುದು ಅಲ್ಲಿಯ ಪದ್ಧತಿ. ವಾಣಿ ಇಟ್ಟಿದ್ದನ್ನೆಲ್ಲ ಮಲ್ಲಿಕ್ ಹಿಂದಕ್ಕೆ ತಳ್ಳುತ್ತಿದ್ದ.

“ಗೀರು ಇದೆ. ಮತ್ತೆ ಉಜ್ಜಿ.”

“ಗೀರು ನಿಮ್ಮ ಕಣ್ಣಲ್ಲಿರ್ಬೇಕು.”

ಅವನು ಮುಖ ಎತ್ತುತ್ತಿರಲಿಲ್ಲ. ಬಗ್ಗಿದ ಆ ಉದ್ದನೆಯ ರೆಪ್ಪೆಗಳನ್ನೇ ನೋಡುತ್ತ ವಾಣಿ ಕಾಯಬೇಕಿತ್ತು. ಗಂಡಸಿಗೆ ಅಷ್ಟು ಚಂದದ ರೆಪ್ಪೆ ಯಾಕೆ ಬೇಕಿತ್ತೋ ಎಂದು ಅದಕ್ಕೂ ಅವಳಿಗೆ ಸಿಟ್ಟು.

ಪರೀಕ್ಷೆಯ ಹಿಂದಿನ ದಿನವೂ ಅದೇ ಮಾತು ಬಂದಾಗ ಅವಳು ಅಂದೇಬಿಟ್ಟಳು. “ನಾಳೆ ನಿಮ್ಮದು ಸುಟ್ಟು ಕರಿಯಾಗ್ಲಿ. ಕಣ್ತುಂಬ ನೋಡ್ತೀನಿ.”

“ನನ್ನ ಸ್ಯಾಂಪಲ್ ಯಾವತ್ತೂ ಸುಟ್ಟಿಲ್ಲ ಮಾರಾಯ್ತಿ,” ಎಂದ, ತಲೆ ಬಗ್ಗಿಸಿಯೇ.

ಮರುದಿನ ಶಿವಮೊಗ್ಗದ ಪರೀಕ್ಷಾ ಕೇಂದ್ರದಲ್ಲಿ ಇಬ್ಬರದೂ ಎದುರುಬದುರು ಮೇಜು. ವಾಣಿಯ ಸ್ಯಾಂಪಲ್ಲಿನಲ್ಲಿ ಒಂದು ಗೀರೂ ಇರಲಿಲ್ಲ. ಪರೀಕ್ಷಕರು ಮೆಚ್ಚಿ ತಲೆಯಾಡಿಸಿದರು. ಗೆದ್ದ ಜಂಬದಲ್ಲಿ ಅವಳು ಎದುರಿಗೆ ನೋಡಿದಳು.

ಮಲ್ಲಿಕ್ ಅವಳನ್ನೇ ನೋಡುತ್ತಿದ್ದ. ತಾನೇ ಗೆದ್ದವನ ಹಾಗೆ ಅವನ ಮುಖ ಅರಳಿತ್ತು. ಮುಂದಿದ್ದ ಆಸಿಡ್ ಬಟ್ಟಲಿನಲ್ಲಿ ಅವನ ಸ್ಯಾಂಪಲ್ ಆಗಲೇ ಕರ್ರಗಾಗಿತ್ತು. ಹೊಸದಾಗಿ ಉಜ್ಜಲು ಹೊತ್ತು ಉಳಿದಿರಲಿಲ್ಲ.

ಅವಳು ಬಯಸಿದ್ದೇ ಆಗಿತ್ತು, ಆದರೂ ಕಣ್ತುಂಬ ನೋಡಲು ಅವಳಿಂದಾಗಲಿಲ್ಲ. ಭದ್ರಾವತಿ ಬಸ್ ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕೂತಳು. ಅವನು ಬಂದು ಕಂಬಿ ಹಿಡಿದು ನಿಂತ.

“ಆಸಿಡ್‌ನಲ್ಲಿಟ್ಟ ಮೇಲೆ ಸ್ಯಾಂಪಲ್ಲಿಂದ ಕಣ್ಣು ತೆಗೀಬಾರ್ದು ಅಂತ ಗೊತ್ತಿರ್ಲಿಲ್ವಾ ನಿಮಗೆ?” ಎಂದು ಸಿಡುಕಿದಳು.

“ಗೊತ್ತಿತ್ತು. ಅದಕ್ಕೇ ಇಷ್ಟು ದಿನ ಲ್ಯಾಬಲ್ಲಿ ನಿಮ್ಮ ಕಡೆ ನೋಡ್ಲಿಲ್ಲ.”

ವಾಣಿಯ ಕೈ ಪಕ್ಕದ ಬ್ಯಾಗಿನ ಮೇಲೆ ಹೋಯಿತು. ಸಿಟ್ಟನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. “ಮತ್ತೆ ನನ್ನ ಸ್ಯಾಂಪಲ್ಲೆಲ್ಲ ಯಾಕೆ ವಾಪಸ್ ಕಳಿಸ್ತಿದ್ರಿ?”

“ಗೀರಿತ್ತು.”

“ಪ್ರತಿ ಸಲವೂ?”

“ಒಂದೆರಡು ಸಲ ಇರ್ಲಿಲ್ಲ. ನೀವು ಇನ್ನೊಂದು ಸಲ ಬರ್ಲಿ ಅಂತ...”

ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಆ ರೆಪ್ಪೆಗಳು ಈಗ ಅವಳ ಮುಂದೆ ಒದ್ದೆಯಾಗಿದ್ದವು.

“ಆ ಕುರ್ಚೀಲಿ ಇನ್ನು ನಾನು ಕೂರ್ತೀನಿ. ಮುಂದಿನ ಪರೀಕ್ಷೆ ತನಕ ನಿನ್ನ ಒಂದು ಸ್ಯಾಂಪಲ್ಲಿಗೂ ಸುಲಭಕ್ಕೆ ಸಹಿ ಹಾಕಲ್ಲ.”

“ಪಾಸಾದ ಮೇಲೆ?”

“ಮೊದ್ಲು ಉಜ್ಜು,” ಎಂದು ಗದರಿ, ಪಕ್ಕದ ಸೀಟಿನ ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.