ಯಾವ ಕ್ಯಾಪ್ಸೂಲ್ ಎಂದು ಕೇಳಿದ್ದಕ್ಕೆ

"ಇವತ್ತಾದ್ರೂ ಹೇಳು, ಯಾವ ಡಬ್ಬೀಲಿ ಯಾವುದಿದೆ?" ಔಷಧ ಕೋಣೆಯ ಕಿಟಕಿಗೆ ಮೊಣಕೈ ಊರಿ ಡಾಕ್ಟರಮ್ಮ ಕೇಳಿದಳು.

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ರೆ ನೀನು ಜೀವ ತಿಂತೀಯ," ಎಂದ ಫಾರ್ಮಸಿಸ್ಟ್ ಲೇಬಲ್ ಅಂಟಿಸುತ್ತಲೇ ಓರೆಗಣ್ಣಲ್ಲಿ ನೋಡಿ ನಕ್ಕ. ಆ ನಗುವಿಗೆ ಅವಳು ಎಂದೋ ಮನಸೋತಿದ್ದಳು.

ಗರ್ಭಿಣಿಯರ ಬಿಪಿಗೆ ಮೀಥೈಲ್ಡೋಪಾ ಒಳ್ಳೆಯದೋ ಲ್ಯಾಬೆಟಲಾಲ್ ಒಳ್ಳೆಯದೋ ಎಂದು ಆಸ್ಪತ್ರೆ ಹೋಲಿಸಿ ನೋಡುತ್ತಿತ್ತು. ಎರಡಕ್ಕೂ ಒಂದೇ ಬಣ್ಣದ ಕ್ಯಾಪ್ಸೂಲ್. ಕೊಡುವ ಡಾಕ್ಟರಿಗೂ ನುಂಗುವವರಿಗೂ ಯಾವುದೆಂದು ತಿಳಿಯಬಾರದು, ತಿಳಿದದ್ದು ಅವನೊಬ್ಬನಿಗೆ. ಅವಳಿಗೋ ಲ್ಯಾಬೆಟಲಾಲ್ ಮೇಲೆಯೇ ನಂಬಿಕೆ.

ಹೀಗಿರುವಾಗ ಅವಳ ಅಕ್ಕ, ತುಂಬು ಬಸುರಿ, ಬಿಪಿ ಏರಿಸಿಕೊಂಡು ಬಂದಳು. "ನಿಂದೇ ಕೆಲಸ, ನಾನು ಸೇರದಿದ್ರೆ ಹೇಗೆ?" ಎಂದು ತಾನೇ ಸಹಿ ಹಾಕಿದಳು. ಆದರೆ ಬಿಪಿ ಬೇಗ ಇಳಿಯಲೊಲ್ಲದು. ಒಂದು ಮಧ್ಯಾಹ್ನ ತಂಗಿ ಔಷಧ ಕೋಣೆಯ ಒಳಗೇ ಬಂದು ನಿಂತಳು. ಮುಖದಲ್ಲಿ ನಗುವಿರಲಿಲ್ಲ.

"ಅಮ್ಮ ಹೋದ್ಮೇಲೆ ನನಗೆ ಅವಳೇ ಅಮ್ಮ. ನನ್ನ ಮೇಲೆ ಪ್ರೀತಿ ಇದ್ರೆ ಹೇಳು. ಇಲ್ಲಾಂದ್ರೆ ಅವಳನ್ನ ಈ ಹೋಲಿಕೆಯಿಂದ ಬಿಡಿಸ್ತೀನಿ."

ಅವನು ಅವಳ ಕೈ ಹಿಡಿದುಕೊಂಡ. "ಲ್ಯಾಬೆಟಲಾಲೇ. ನೆಮ್ಮದಿಯಾಗಿರು."

ಅವನೆದೆಗೆ ಒರಗಿ ಅತ್ತುಬಿಟ್ಟಳು. ನನಗೋಸ್ಕರ ನಿಯಮ ಮುರಿದನಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಅಕ್ಕನ ಬಿಪಿ ಇಳಿಯಿತು, ಹೆಣ್ಣು ಮಗು ಸುಖವಾಗಿ ಹುಟ್ಟಿತು. ಇವರಿಬ್ಬರ ಮದುವೆಯ ಮಾತೂ ಶುರುವಾಯಿತು.

ಹೋಲಿಕೆ ಮುಗಿದ ದಿನ ಹಿರಿಯ ಡಾಕ್ಟರು ಯಾರಿಗೆ ಯಾವ ಔಷಧ ಹೋಗಿತ್ತೆಂದು ಎಲ್ಲರೆದುರು ಓದಿ ಹೇಳಿದರು. ಅಕ್ಕನದು ಮೀಥೈಲ್ಡೋಪಾ.

ಅವಳು ನೇರ ಕಿಟಕಿಗೆ ಬಂದಳು. "ಸುಳ್ಳು ಹೇಳಿದ್ಯಾ?"

"ನಿಯಮ ಮುರಿಯೋಕಾಗ್ಲಿಲ್ಲ. ನಿನ್ನ ಸಂಕಟಾನೂ ನೋಡೋಕಾಗ್ಲಿಲ್ಲ. ಅಕ್ಕ, ಮಗು ಚೆನ್ನಾಗಿದ್ದಾರಲ್ಲ?"

"ಚೆನ್ನಾಗಿರದೇ ಹೋಗಿದ್ರೆ?"

ಅವನು ಇನ್ನೊಂದು ಲೇಬಲ್ ಎತ್ತಿಕೊಂಡ.

"ಒಂದೇ ಒಂದು ಹೇಳು. ನಾನು ಕೊರಗಬಾರ್ದು ಅಂತ ಹೇಳಿದ್ಯಾ, ಅಕ್ಕನ್ನ ಬಿಡಿಸಬಾರ್ದು ಅಂತ ಹೇಳಿದ್ಯಾ?"

ಲೇಬಲ್ ಹಿಡಿದ ಕೈ ಅಲ್ಲೇ ನಿಂತಿತು. "ಎರಡಕ್ಕೂ."

ಅವಳಿಗೆ ಅವನ ಮೇಲಿನ ಪ್ರೀತಿ ಇನ್ನೂ ಹಾಗೇ ಇತ್ತು, ಅದೇ ಹಾಳು ಸಂಕಟ.

"ನೀನಂದ್ರೆ ನನಗೆ ಪ್ರಾಣ ಕಣೇ," ಎಂದ.

ಅದೇ ಮೆತ್ತನೆಯ ದನಿ. ಲ್ಯಾಬೆಟಲಾಲೇ ಎಂದಾಗಲೂ ಇದೇ ದನಿಯಿತ್ತು. ಅವಳು ಕಿಟಕಿಯನ್ನು ಹೊರಗಿನಿಂದ ಎಳೆದು ಮುಚ್ಚಿ ವಾರ್ಡಿನ ಕಡೆ ನಡೆದಳು.