ಎಡಗೈಗೊಂದು ಪುಸ್ತಕ

ಎರಡರಲ್ಲಿ ಯಾವುದನ್ನು ಕೊಟ್ಟರೂ ಮೋಸವೇ. ದಪ್ಪದ್ದನ್ನು ಕೊಟ್ಟರೆ ತನಗೆ, ತೆಳ್ಳಗಿನದನ್ನು ಕೊಟ್ಟರೆ ಅವಳಿಗೆ. ಪುಸ್ತಕವೇ ಸಿಗಲಿಲ್ಲ ಎಂದುಬಿಟ್ಟರೆ? ಬೇರೆ ಯಾರು ಹೇಳಿದರೂ ನಂಬಿಯಾಳು, ತಾನು ಹೇಳಿದರೆ ನಂಬಲಾರಳು. ಇಡೀ ಮೂಡಬಿದ್ರೆಯಲ್ಲಿ ವ್ಯಾಯಾಮದ ಪುಸ್ತಕಗಳನ್ನು ಹುಡುಕಿ ತರುವವನು ಅವನೊಬ್ಬನೇ.

ನೇಮಿರಾಜ ಅಬ್ದುಲ್ ಶುಕೂರ್ ಸಾಹೇಬರ ಅಂಗಡಿಯ ಒಳಗಿನ ಕಪಾಟಿನ ಮುಂದೆ ನಿಂತಿದ್ದ. ಅಂಗಡಿಯ ಎದುರಿಗೆ ಸ್ಲೇಟು, ಬಳಪ, ಶಾಲೆಯ ಪುಸ್ತಕ. ಒಳಗೆ, ಮಂಗಳೂರಿನ ಬಂದರಿನಿಂದ ತೂಕಕ್ಕೆ ತಂದ ಹಳೆಯ ಪುಸ್ತಕಗಳು.

"ಎಂತ ಪೈಲ್ವಾನ್ರೇ, ಇವತ್ತು ಪುಸ್ತಕ ಎತ್ತಿಯೇ ವ್ಯಾಯಾಮ ಮುಗಿಸ್ತೀರಾ?" ಸಾಹೇಬರು ಕೂತಲ್ಲಿಂದಲೇ ಕೇಳಿದರು. "ಒಂದು ಆ ಕೈಗೆ, ಒಂದು ಈ ಕೈಗೆ. ತಕ್ಕಡಿಯ ಹಾಗೆ ಕಾಣ್ತೀರಿ."

"ನೋಡ್ತಾ ಇದ್ದೇನೆ ಸಾಹೇಬ್ರೇ."

"ನೋಡಿ, ನೋಡಿ. ನಿಮ್ಮಷ್ಟು ನೋಡಿದ್ರೆ ಹೆಣ್ಣು ನೋಡುವವರಿಗೂ ಸುಸ್ತಾಗ್ತದೆ ಮಾರಾಯ್ರೇ."

ಬಿ.ಎ. ಮುಗಿಸಿ ಬಂದ ಮೇಲೆ ಅವನಿಗೆ ಎರಡೇ ಜಾಗಗಳಿದ್ದವು: ಸೋದರಮಾವನ ಮನೆಯ ಚಾವಡಿ ಮತ್ತು ವ್ಯಾಯಾಮ ಶಾಲೆ. ಬೆಳಗಾಗುತ್ತಲೇ ಹೋಗಿ ಭಾರ ಎತ್ತುತ್ತಿದ್ದ. ಕಬ್ಬಿಣಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ, ಅದಕ್ಕೇ ಇರಬೇಕು, ಅಲ್ಲಿ ಅವನಿಗೆ ಹಿತವಾಗುತ್ತಿತ್ತು. ಉಳಿದವರು ಒಬ್ಬರನ್ನೊಬ್ಬರು ನೋಡಿ ಕಲಿತರೆ ಅವನು ಪುಸ್ತಕ ನೋಡಿ ಕಲಿತ. ವ್ಯಾಯಾಮ ಶಾಲೆಯ ಕಪಾಟಿಗೆ ಪುಸ್ತಕ ಆರಿಸುವ ಕೆಲಸವೂ ಅವನ ಪಾಲಿಗೇ ಬಂತು.

ಪುಸ್ತಕವನ್ನು ಅವನು ಕೊನೆಯ ಪುಟದಿಂದ ನೋಡುತ್ತಿದ್ದ. ಕೊನೆಯಲ್ಲಿ ಎದೆ ಹಿಗ್ಗಿಸುವ ಸ್ಪ್ರಿಂಗೋ ಟಾನಿಕ್ಕೋ ಮಾರಾಟಕ್ಕಿದ್ದರೆ ಅಲ್ಲೇ ಮುಚ್ಚಿಡುತ್ತಿದ್ದ. ಪುಟಪುಟಕ್ಕೂ ಬರೆದವನ ಎದೆಯ ಚಿತ್ರವೇ ಇದ್ದರೆ ಆ ಪುಸ್ತಕ ಬರೆದವನಿಗಾಗಿಯೇ ಹುಟ್ಟಿದ್ದು. ಎಷ್ಟು ಭಾರದಿಂದ ಶುರು ಮಾಡಬೇಕು, ಯಾವಾಗ ಹೆಚ್ಚಿಸಬೇಕು, ಯಾವ ದಿನ ಕೈಕಟ್ಟಿ ಕೂರಬೇಕು ಎಂದು ಒಳ್ಳೆಯ ಪುಸ್ತಕ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಲವಿಲ್ಲದವನಿಗೂ ಅದರಲ್ಲಿ ಮೊದಲ ಮೆಟ್ಟಿಲೊಂದು ಇರಬೇಕು.

ದಪ್ಪ ಪುಸ್ತಕದಲ್ಲಿ ಅದೆಲ್ಲವೂ ಇತ್ತು. ಗಾಯಗೊಂಡ ಸಿಪಾಯಿಗಳಿಗೆಂದು ಮಿಲಿಟರಿ ಡಾಕ್ಟರೊಬ್ಬ ಬರೆದದ್ದು. ಹಿಡಿ ಮರಳು ತುಂಬಿದ ಚೀಲದಿಂದ ಶುರುವಾಗಿ ವಾರವಾರವೂ ಮರಳು ಹೆಚ್ಚುತ್ತಾ ಹೋಗುವ ಪಾಠಗಳು. ತೆಳ್ಳಗಿನದರಲ್ಲಿ ಉಸಿರು, ಸಂಕಲ್ಪ, ಕನ್ನಡಿಯ ಮುಂದೆ ನಿಂತು ಬರಿಗೈಯಲ್ಲಿ ಹಿಡಿಯುವ ಮುಷ್ಟಿ, ಮತ್ತು ಕೊನೆಯ ಪುಟದಲ್ಲಿ ಸ್ಪ್ರಿಂಗಿನ ಜಾಹೀರಾತು. ಅದನ್ನು ಓದಿದವರಿಗೆ ನೋವಾಗುವುದಿಲ್ಲ, ಬೇರೇನೂ ಆಗುವುದಿಲ್ಲ.

ಪುಸ್ತಕ ಬೇಕಾಗಿದ್ದದ್ದು ಯಶೋಧೆಗೆ.

ಯಶೋಧಾ, ವ್ಯಾಯಾಮ ಶಾಲೆಯ ಗೆಳೆಯ ಪುಷ್ಪರಾಜನ ತಂಗಿ. ಚಿಕ್ಕವಳಿದ್ದಾಗ ಬಿದ್ದು ಮುರಿದ ಎಡಗೈ ಸರಿಯಾಗಿ ಕೂಡಿರಲಿಲ್ಲ. ನೋಡಿದರೆ ಗೊತ್ತಾಗುತ್ತಿರಲಿಲ್ಲ. ಹಿಡಿತ ಮಾತ್ರ ಇಲ್ಲ. ಮನೆಯವರು ಅದನ್ನು ಸೆರಗಿನಡಿ ಇಟ್ಟು ಬೆಳೆಸಿದ್ದರು. ಈಗ ಗುರುವಾಯನಕೆರೆ ಕಡೆಯ ದೊಡ್ಡ ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಬಂದವರಿಗೆ ಕಾಲು ತೊಳೆಯುವ ನೀರನ್ನು ಮನೆಯ ಹೆಣ್ಣೇ ಬಾವಿಯಿಂದ ಸೇದಿ ಕೊಡಬೇಕು. ಅದು ಮರ್ಯಾದೆ. ಅದನ್ನು ಪರೀಕ್ಷೆ ಎಂದು ಯಾರೂ ಕರೆಯುವುದಿಲ್ಲ, ಆದರೆ ಆ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಹುಡುಗನ ಕಡೆಯ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ.

"ಮಾಗಿಯ ನಂತರ ಬರ್ತಾರಂತೆ," ಎಂದಿದ್ದ ಪುಷ್ಪರಾಜ. "ಅಷ್ಟರೊಳಗೆ ಒಂದು ಕೊಡಪಾನ ಮೇಲೆ ತರುವಷ್ಟು ಕೈ ಬಲಿಬೇಕು. ನೀನೇ ಒಂದು ಪುಸ್ತಕ ನೋಡು ಮಾರಾಯ."

ಕೈ ಬಲಿತರೆ ಅವಳು ಗುರುವಾಯನಕೆರೆಗೆ. ಬಲಿಯದಿದ್ದರೆ ಇಲ್ಲೇ. ಜೂನ್ ತಿಂಗಳಲ್ಲಿ ಅವನಿಗೆ ಹೈಸ್ಕೂಲಿನ ಕೆಲಸದ ಆರ್ಡರ್ ಬರುವುದಿತ್ತು. ಕೆಲಸವಿಲ್ಲದವನು ಮಾವನ ಎದುರು ಅವಳನ್ನು ಮದುವೆಯಾಗುವ ಮಾತೆತ್ತುವುದು ಹೇಗೆ? ಅವನಿಗೆ ಬೇಕಾಗಿದ್ದದ್ದು ಸ್ವಲ್ಪ ಸಮಯ, ಅಷ್ಟೇ. ಹೀಗೆ ಹೇಳಿಕೊಂಡಾಗ ಅದು ಅಂಥ ದೊಡ್ಡ ತಪ್ಪಾಗಿ ಕಾಣುತ್ತಿರಲಿಲ್ಲ.

"ಇನ್ನೂ ಆಗ್ಲಿಲ್ವಾ?"

ತಿರುಗಿದ. ಯಶೋಧಾ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಬಸದಿಯಿಂದ ನೇರವಾಗಿ ಬಂದವಳು, ಹಣೆಯ ಗಂಧ ಇನ್ನೂ ಒಣಗಿರಲಿಲ್ಲ. ಅಣ್ಣ ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದ.

"ಆಯ್ತು."

"ಯಾವುದು? ಆ ದಪ್ಪದ್ದಾ?" ಅವಳ ಕಣ್ಣು ಅವನ ಬಲಗೈಯ ಮೇಲೆ ಬಂತು, ಅಲ್ಲಿಂದ ನಿಧಾನವಾಗಿ ತೋಳಿನವರೆಗೆ ಹತ್ತಿತು, ನಾಚಿ ಇಳಿಯಿತು. "ಅದನ್ನು ಎತ್ತಿದ್ರೇ ಸಾಕಲ್ಲ, ಓದುವುದು ಎಂತಕ್ಕೆ?"

ಅವನಿಗೆ ನಗು ಬಂತು. ಆ ನಗುವಿನ ನಡುವೆಯೇ ಬಾಯಿಗೆ ಸುಳ್ಳೂ ಬಂತು. ಪೂರ್ತಿ ಸುಳ್ಳೂ ಅಲ್ಲ, ಅದೇ ಅದರ ಕ್ರೌರ್ಯ.

"ಇದು ನಿಮಗಾಗುವುದಿಲ್ಲ. ಇದರಲ್ಲಿ ಮೊಟ್ಟೆ, ಮಾಂಸದ ಸಾರು ಎಲ್ಲ ಉಂಟು."

"ಅಯ್ಯೋ!" ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಅಜ್ಜಿ ಹೊಸಿಲು ದಾಟಿಸ್ಲಿಕ್ಕೆ ಬಿಡ್ಲಿಕ್ಕಿಲ್ಲ. ನೀವು ಇಂಥದ್ದೆಲ್ಲ ಓದ್ತೀರಾ? ಬಸದಿಯಲ್ಲಿ ಪೂಜೆ ಮಾಡುವ ಇಂದ್ರರಿಗೆ ಹೇಳ್ತೇನೆ ನೋಡಿ."

ವ್ಯಾಯಾಮ ಶಾಲೆಯ ಪುಸ್ತಕಗಳಲ್ಲಿ ಅಂಥ ಪುಟಗಳಿದ್ದರೆ ಅವನೇ ಗೋಂದು ಹಚ್ಚಿ ಅಂಟಿಸಿಬಿಡುತ್ತಿದ್ದ. ಜೈನರ ಹುಡುಗರು ಓದುವ ಪುಸ್ತಕಗಳೆಲ್ಲ ಹಾಗೆ ಅಂಟಿಸಿದವೇ. ಇದರಲ್ಲಿಯೂ ಅಂಟಿಸಬೇಕಾದದ್ದು ಒಂದೇ ಹಾಳೆ.

"ಇದನ್ನು ತಗೊಳ್ಳಿ," ಎಂದು ತೆಳ್ಳಗಿನದನ್ನು ಕೊಟ್ಟ.

ಅವಳು ಬಲಗೈ ಚಾಚಿದಳು. ಏನೋ ನೆನಪಾದವಳಂತೆ ಅದನ್ನು ಹಿಂದಕ್ಕೆಳೆದು ಎಡಗೈ ಚಾಚಿದಳು. "ಪುಸ್ತಕ ಅವಳದ್ದಲ್ವಾ, ಅವಳೇ ತಗೊಳ್ಳಲಿ," ಎಂದಳು. ತನ್ನ ಕೈಯನ್ನು ತಂಗಿಯೊಬ್ಬಳ ಹಾಗೆ ಅವಳು ಕರೆದದ್ದು ಅವನಿಗೆ ಬಹಳ ದಿನ ಕೇಳಿಸುತ್ತಿತ್ತು.

ಅವಳು ದಿನವೂ ಅಭ್ಯಾಸ ಮಾಡಿದಳು. "ಕನ್ನಡಿ ಬಿಟ್ಟು ಏಳುದಿಲ್ಲ ಮಾರಾಯ, ಮುಷ್ಟಿ ಹಿಡಿದು ನಿಲ್ತಾಳೆ. ನಮ್ಮ ಅಮ್ಮನಿಗೆ ಹೆದರಿಕೆ, ಯಾರಿಗೆ ಹೊಡೀಲಿಕ್ಕೆ ಹೊರಟಿದ್ದಾಳೆ ಅಂತ," ಎಂದು ಪುಷ್ಪರಾಜ ನಗುತ್ತಿದ್ದ. ನೇಮಿರಾಜನೂ ನಗುತ್ತಿದ್ದ. ಆಮೇಲೆ ಹೋಗಿ ಇನ್ನಷ್ಟು ಭಾರ ಎತ್ತುತ್ತಿದ್ದ.

ಒಂದು ದಿನ ಬಸದಿಯ ಹೊರಗಿನ ಕಂಬದ ನೆರಳಿನಲ್ಲಿ ಅವಳೇ ಎದುರಾದಳು.

"ಪೈಲ್ವಾನ್ರೇ, ಪರೀಕ್ಷೆ ಮಾಡ್ತೀರಾ?"

"ಹೇಗೆ?"

"ಒಂದು ಬೆರಳು ಕೊಡಿ."

ಅವನು ತೋರುಬೆರಳು ಚಾಚಿದ. ಅವಳ ಎಡಗೈ ಅದನ್ನು ಸುತ್ತಿ ಹಿಡಿಯಿತು. ಅವಳು ತುಟಿ ಕಚ್ಚಿದ್ದಳು. ಕತ್ತಿನಲ್ಲಿ ಸಣ್ಣದೊಂದು ನರ ಎದ್ದಿತ್ತು. ಇಡೀ ದೇಹದ ಬಲವೆಲ್ಲ ಹೊರಟು ಬಂದು ಮಣಿಕಟ್ಟಿನಲ್ಲೇ ನಿಂತುಬಿಡುವುದು ಅವನಿಗೆ ತಿಳಿಯುತ್ತಿತ್ತು. ಬೆರಳಿಗೆ ಮುಟ್ಟಿದ್ದು ಬರೀ ಬಿಸಿ. ನಿದ್ದೆ ಹೋದ ಮಗು ಹಿಡಿದಷ್ಟೂ ಬಿಗಿ ಇರಲಿಲ್ಲ.

"ಹೆಚ್ಚಾಗಿದೆಯಾ?" ಕಣ್ಣೆತ್ತಿ ಕೇಳಿದಳು.

ಈಗಲೂ ಸಮಯವಿತ್ತು. ದಪ್ಪ ಪುಸ್ತಕ ಶುಕೂರ್ ಸಾಹೇಬರ ಕಪಾಟಿನಲ್ಲೇ ಇತ್ತು.

"ಹೆಚ್ಚಾಗಿದೆ," ಎಂದ.

ಅವಳ ಮುಖ ಅರಳಿತು. ಬೆರಳನ್ನು ಕೂಡಲೇ ಬಿಡಲಿಲ್ಲ. ಬಿಟ್ಟ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು. ಹೇಳಲು ಬಹಳ ಇದ್ದ ಇಬ್ಬರೂ ಬಸದಿಯ ಮಾಡಿನ ಮೇಲಿನ ಪಾರಿವಾಳಗಳನ್ನು ನೋಡಿದರು.

ಹುಡುಗನ ಕಡೆಯವರು ಬಂದ ದಿನ ಪುಷ್ಪರಾಜ ಅವನನ್ನೂ ಕರೆದಿದ್ದ. ಮಧ್ಯಾಹ್ನದ ಬಿಸಿಲು. ಕಾರಿನಿಂದ ಇಳಿದವರು ಅಂಗಳದ ಅಂಚಿನಲ್ಲಿ ನಿಂತರು. ಹುಡುಗನ ದೊಡ್ಡಮ್ಮ ಮಾತ್ರ ಮಾತನಾಡುತ್ತಾ ಬಾವಿಕಟ್ಟೆಯವರೆಗೆ ಬಂದಳು. ನಿಮ್ಮಲ್ಲಿ ಮಾವಿನ ಮಿಡಿ ಉಪ್ಪಿಗೆ ಹಾಕಿ ಆಯಿತೇ ಎಂದೇನೋ ಕೇಳುತ್ತಿದ್ದಳು.

ಯಶೋಧಾ ತಾಮ್ರದ ಕೊಡಪಾನವನ್ನು ಬಾವಿಗೆ ಇಳಿಸಿದಳು. ಅದು ತುಂಬಿದ ಗುಳುಗುಳು ಕೇಳಿತು. ಎಳೆಯತೊಡಗಿದಳು. ಬಲಗೈ ಎಳೆಯಿತು, ಎಡಗೈ ಹಿಡಿಯಿತು. ಮತ್ತೆ ಬಲಗೈ. ಎಳೆಯುತ್ತಾ ಒಮ್ಮೆ ನೇಮಿರಾಜ ನಿಂತಿದ್ದ ಕಡೆ ನೋಡಿದಳು. ಕಲಿಸಿದವರಿಗೆ ಒಪ್ಪಿಸುವ ನೋಟ ಅದು. ಬಲಗೈ ಮುಂದಿನ ಹಿಡಿತಕ್ಕೆ ಸರಿದಾಗ ಇಡೀ ಭಾರ ಎಡಗೈಯ ಮೇಲೆ ಬಂತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ಹಗ್ಗ ಸರ್ರನೆ ಓಡಿತು. ಕೆಳಗಿನಿಂದ ಬಂದ ಸದ್ದಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿದರು.

"ಇರ್ಲಿ, ಇರ್ಲಿ," ಎಂದಳು ದೊಡ್ಡಮ್ಮ, ಬಹಳ ಮೃದುವಾಗಿ. "ಕಾಲಿನಲ್ಲಿ ಅಂಥ ಮಣ್ಣು ಎಂತದೂ ಇಲ್ಲ."

ಅವರು ಕಾಲು ತೊಳೆಯಲಿಲ್ಲ. ಸೂರ್ಯ ಮುಳುಗುವ ಮುಂಚಿನ ಊಟಕ್ಕೂ ನಿಲ್ಲಲಿಲ್ಲ. ಎಲ್ಲೋ ಹೋಗುವುದಿದೆ ಎಂದರು.

ನೇಮಿರಾಜನಿಗೆ ಮೊದಲು ಆದದ್ದು ಸಂತೋಷ. ಬಚ್ಚಿಟ್ಟರೂ ಮುಚ್ಚಿಡಲಾಗದಂಥ ಸಂತೋಷ. ಅದರ ನಂತರವೇ ಅವನು ಅವಳ ಅಂಗೈಯನ್ನು ನೋಡಿದ್ದು. ಹಗ್ಗ ಚರ್ಮವನ್ನು ಸೀಳಿಕೊಂಡು ಹೋಗಿತ್ತು. ಅಜ್ಜಿ ಅವಳನ್ನು ಬೈಯುತ್ತಿರಲಿಲ್ಲ. ಯಾರೂ ಬೈಯುತ್ತಿರಲಿಲ್ಲ. ಅಂಗಳದಲ್ಲಿ ಹಾಕಿದ್ದ ಕುರ್ಚಿಗಳನ್ನು ಒಂದೊಂದಾಗಿ ಒಳಗೆ ಒಯ್ಯುತ್ತಿದ್ದರು.

ಜೂನ್‌ವರೆಗೆ ಕಾಯಲು ಅವನಿಂದಾಗಲಿಲ್ಲ. ಆ ವಾರವೇ ಮಾವನ ಮುಂದೆ ನಿಂತ. ಧರಣಪ್ಪ ಮಾವ ಚಾವಡಿಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಮನೆ, ಗದ್ದೆ, ಮಾತು ಎಲ್ಲವೂ ಅವರದ್ದು. ಅಳಿಯಸಂತಾನದ ಕಟ್ಟಿನಂತೆ ಅವರ ನಂತರ ಸೋದರಳಿಯನಾದ ಅವನದ್ದು. ನಂತರದ್ದೆಲ್ಲ ತನ್ನದಾಗುವವನಿಗೆ ಈಗಿನದು ಏನೂ ತನ್ನದಲ್ಲ.

"ಮಾವ, ಪುಷ್ಪರಾಜನ ತಂಗಿಯನ್ನು..."

"ಯಾರು? ಬಾವಿಗೆ ಕೊಡಪಾನ ಬಿಟ್ಟವಳಾ?"

ಮಾವ ಎಲೆ ಮಡಚಿದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ. "ಹುಡುಗಿ ಒಳ್ಳೆಯವಳೇ. ಮೊದಲೇ ಒಂದು ಮಾತು ಹೇಳಿದ್ರೆ ನೋಡ್ಬಹುದಿತ್ತು. ಆಗ ಕೈಯ ವಿಷಯ ಯಾರಿಗೆ ಗೊತ್ತಿತ್ತು? ಈಗ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಗೊತ್ತುಂಟು. ಬೇರೆಯವರು ಕಾಲು ತೊಳೆಯದೆ ಎದ್ದು ಹೋದ ಮನೆಯಲ್ಲಿ ನಾವು ಹೋಗಿ ಕೂತ್ಕೊಳ್ಳುದು ಹೇಗೆ ಮಾರಾಯ?"

ಆ ಬಾಗಿಲನ್ನು ಮುಚ್ಚಿದವರು ಮಾವನಲ್ಲ. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದವನು ಒಳಗೆ ಹೋಗಿ ಊಟ ಮಾಡಿದ.

ಜೂನ್‌ನಲ್ಲಿ ಆರ್ಡರ್ ಬಂತು. ಅದೇ ಹೊತ್ತಿಗೆ ಯಶೋಧೆಗೂ ಗಂಡು ಗೊತ್ತಾಯಿತು. ಬಂಟ್ವಾಳದ ಕಡೆಯವನು, ಹೆಂಡತಿ ತೀರಿಹೋದವನು, ತಲೆಗೂದಲು ನರೆತವನು. ಹೆಣ್ಣು ನೋಡಲು ಅವನು ಬರಲೂ ಇಲ್ಲ. "ನೀರು ಸೇದ್ಲಿಕ್ಕೆ ಆಳುಗಳುಂಟು, ಮಕ್ಕಳನ್ನು ನೋಡಿಕೊಂಡ್ರೆ ಸಾಕು," ಎಂದು ಹೇಳಿ ಕಳುಹಿಸಿದ್ದ. ಅದನ್ನು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಪುಷ್ಪರಾಜ ವ್ಯಾಯಾಮ ಶಾಲೆಗೆ ಬರುವುದನ್ನು ಬಿಟ್ಟ.

ಮದುವೆಗೆ ಮೊದಲು ಒಮ್ಮೆ ಅವಳು ಸಿಕ್ಕಳು. ಅಣ್ಣನ ಜೊತೆ ಪೇಟೆಗೆ ಬಂದಿದ್ದಳು. ಪುಷ್ಪರಾಜ ಬಳೆ ಅಂಗಡಿಯವನ ಜೊತೆ ಮಾತಿಗೆ ನಿಂತಾಗ ರಸ್ತೆ ದಾಟಿ ವ್ಯಾಯಾಮ ಶಾಲೆಯ ಗೇಟಿನ ಹತ್ತಿರ ಬಂದಳು. ನೇಮಿರಾಜ ಬೆವರು ಒರೆಸಿಕೊಳ್ಳುತ್ತಿದ್ದ.

"ಮೇಷ್ಟ್ರಾದಿರಂತೆ."

"ಹೌದು."

"ಪೈಲ್ವಾನ್ ಮೇಷ್ಟ್ರು. ಮಕ್ಕಳ ಕಿವಿ ಹಿಂಡುವಾಗ ನೋಡಿಕೊಂಡು ಹಿಂಡಿ, ಕೈಗೇ ಬಂದೀತು." ನಕ್ಕಳು. ನಗು ಬೇಗ ಮುಗಿಯಿತು. "ಒಂದು ಮಾತು ಹೇಳ್ತೇನೆ. ನಗಾಡ್ಬಾರ್ದು. ಅವತ್ತು ಕೊಡಪಾನ ಬಿತ್ತಲ್ಲ, ಆಗ ನನಗೆ ಬೇಜಾರೇ ಆಗ್ಲಿಲ್ಲ. ಎಲ್ಲರೂ ನಾನು ಅಳ್ತೇನೆ ಅಂತ ನೋಡ್ತಾ ಇದ್ರು. ನನಗೆ ಒಳಗೊಳಗೇ ಖುಷಿ. ಇನ್ನು ನೀವು ಬರ್ತೀರಿ ಅಂತ."

ಅವನು ಟವೆಲನ್ನು ಮಡಚಿದ. ಮತ್ತೆ ಬಿಡಿಸಿದ.

"ದಿನಾ ದಾರಿ ನೋಡಿದೆ. ಆಮೇಲೆ ಗೊತ್ತಾಯ್ತು. ಇಂಥ ಕೈಯವಳನ್ನು ನೀವಾದ್ರೂ ಎಂತಕ್ಕೆ..." ಗೇಟಿನ ಸರಳನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಎಡಗೈ ಸೆರಗಿನೊಳಗಿತ್ತು. "ಬೇಜಾರಿಲ್ಲ ನನಗೆ. ಒಂದೇ ಒಂದು ಕೇಳುವುದುಂಟು. ನಿಮಗೆ ಇದೆಲ್ಲ ಗೊತ್ತುಂಟಲ್ಲ, ಅದಕ್ಕೆ. ನಾನು ಒಂದು ದಿನ ಬಿಡ್ಲಿಲ್ಲ. ಜ್ವರ ಬಂದಾಗ್ಲೂ ಮಾಡಿದೆ. ಆದ್ರೂ ಆಗ್ಲಿಲ್ಲ ಅಂದ್ರೆ ತಪ್ಪು ನನ್ನ ಕೈಯದ್ದೇ ಅಲ್ವಾ?"

ಅವಳು ಕಾಯುತ್ತಾ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರರ ಮುಂದೆ ಕೂತವರ ಮುಖವಾಗಿತ್ತು ಅದು. ಏನು ಹೇಳಿದರೂ ನಂಬಿ ಮನೆಗೆ ಒಯ್ಯುವ ಮುಖ.

"ಯಶೋಧಾ, ಬಸ್ಸು ಬಂತು, ಹೋಗುವ," ಎಂದು ಪುಷ್ಪರಾಜ ರಸ್ತೆಯ ಆಚೆಯಿಂದ ಕರೆದ.

"ಬಂದೆ," ಎಂದಳು. ಇನ್ನೂ ಒಂದು ಕ್ಷಣ ನಿಂತಳು. ನಂತರ ತಾನೇ ತಲೆಯಾಡಿಸಿ, ಉತ್ತರ ಸಿಕ್ಕವಳಂತೆ ಹೊರಟಳು.

ತಪ್ಪು ನಿಮ್ಮ ಕೈಯದ್ದಲ್ಲ ಎಂದು ನೇಮಿರಾಜ ಹೇಳಲಿಲ್ಲ.